ಹಸಿರು ಕೋಟಿನವಳು

ಹೋಟೆಲಿನ ಗಾಜಿನಾಚೆ ವೇಡ್ ನಗುತ್ತಿದ್ದ. ಎದುರಿಗೆ ಹಸಿರು ಕೋಟಿನ ಹೆಂಗಸು. ಅವಳು ಏನೋ ಕೇಳಿದಳು, ಇವನು ಕಣ್ಣೊರೆಸಿಕೊಂಡ, ಅವಳು ತನ್ನ ತಟ್ಟೆಯ ಚೆರಿ ಹಣ್ಣಿನ ಸಿಹಿ ಪೈಯನ್ನು ಇವನತ್ತ ಸರಿಸಿದಳು. ಬೀದಿಯ ಈಚೆ ಕಾರಿನಲ್ಲಿ ಕೂತಿದ್ದ ಡಾರ್ಲಾಳ ಹೊಟ್ಟೆಗೆ ಬೆಂಕಿ ಬಿತ್ತು. ತಟ್ಟೆ ಹಂಚಿಕೊಳ್ಳುವಷ್ಟು ಸಲಿಗೆಯೇ?

ಮರದ ಮಿಲ್ಲಿನಲ್ಲಿ ಓವರ್‌ಟೈಮ್ ಇದೆ ಎಂದು ಹೇಳಿ ಹೊರಟ ಗಂಡ ಇವನು. ಹೋದ ವಾರವೂ ಹಾಗೇ ಹೇಳಿದ್ದ.

ಡಾರ್ಲಾಗೆ ಹೊಟ್ಟೆಕಿಚ್ಚು ಹೊಸದಲ್ಲ. ವೇಡ್ ಅವಳಿಗಿಂತ ಮೂರು ವರ್ಷ ಚಿಕ್ಕವನು. ಅವಳ ತಲೆ ನರೆಯುತ್ತ ಬಂದರೂ ಅವನ ಮುಖದ ಹುಡುಗುತನ ಇನ್ನೂ ಹೋಗಿಲ್ಲ. ಆದರೂ ಇಷ್ಟು ವರ್ಷ ಅವಳಿಗೆ ಒಂದು ಧೈರ್ಯವಿತ್ತು. ತಮ್ಮ ಮನೆಯ ಹತ್ತಿರ ಯಾವ ಹೆಂಗಸೂ ಸುಳಿಯುತ್ತಿರಲಿಲ್ಲ. ಬೆಲ್ಡನ್ ಊರಿನಲ್ಲಿ ಯಾರು ಬೇಕಾದರೂ ಫೋನು ತೆಗೆದು ಲೈಂಗಿಕ ಅಪರಾಧಿಗಳ ಸರ್ಕಾರಿ ಪಟ್ಟಿ ನೋಡಬಹುದು. ಇವರ, ಅಂದರೆ ಪ್ರೂಯಿಟ್ ದಂಪತಿಯ, ಮನೆಯ ವಿಳಾಸ ಅದರಲ್ಲಿದೆ. ಹ್ಯಾಲೋವೀನ್ ದಿನ ಬೀದಿಯ ಮಕ್ಕಳೆಲ್ಲ ಮಿಠಾಯಿಗೆಂದು ಮನೆಮನೆ ಸುತ್ತಿದರೂ ಮಕ್ಕಳನ್ನು ಕರೆಯುವ ಬಾಗಿಲ ದೀಪವನ್ನು ಇವರು ಹಚ್ಚುವಂತಿಲ್ಲ. ಮಗಳ ಶಾಲೆಯ ನಾಟಕಕ್ಕೆ ಒಬ್ಬರು ಒಳಗೆ ಹೋದರೆ ಇನ್ನೊಬ್ಬರು ಗೇಟಿನಾಚೆ ಕಾರಿನಲ್ಲೇ ಕೂರಬೇಕು. ವೇಡ್‌ನ ತಾಯಿಯಂತೂ ಮದುವೆಗೂ ಬರಲಿಲ್ಲ, ಮೊಮ್ಮಗಳ ಮುಖವನ್ನೂ ನೋಡಿಲ್ಲ.

ಬರುವ ಸೋಮವಾರ ಕೋರ್ಟು. ಅದಕ್ಕೇ ಇವನಿಗೆ ರೆಕ್ಕೆ ಬಂದಿದೆಯೇ? ಪಟ್ಟಿಯಿಂದ ಹೆಸರು ಅಳಿಸಿಹೋದರೆ ಈ ಮನೆಯೂ ಎಲ್ಲರ ಮನೆಯಂತಾಗುತ್ತದೆ. ಹೆಂಗಸರು ಒಳಗೆ ಬರಬಹುದು. ಗಂಡ ಹೊರಗೂ ಹೋಗಬಹುದು.

ವಕೀಲ ಹ್ಯಾಸ್ಕೆಲ್ ಇಬ್ಬರನ್ನೂ ಕೂರಿಸಿಕೊಂಡು ಹೇಳಿದ್ದರು: “ಗವರ್ನರ್ ಹತ್ರ ಕ್ಷಮಾದಾನ ಕೇಳ್ಬಹುದು, ಆದ್ರೆ ಸಿಗೋದು ಕನಸಿನ ಮಾತು. ಹಳೇ ತೀರ್ಪನ್ನೇ ರದ್ದು ಮಾಡ್ಸೋಣ ಅಂದ್ರೆ ಗಡುವು ದಾಟಿದೆ. ಇಷ್ಟು ವರ್ಷ ಒಂದು ತಪ್ಪೂ ಆಗಿಲ್ಲ, ಪಟ್ಟಿಯಿಂದ ತೆಗೀರಿ ಅಂತ ಕೋರ್ಟಿಗೆ ಅರ್ಜಿ ಹಾಕೋದೊಂದೇ ದಾರಿ. ನೊಂದವರು ಬಂದು ಬೇಡ ಅಂದ್ರೆ ಮಾತ್ರ ಕಥೆ ಮುಗೀತು.”

“ಆ ಚಿಂತೆ ಬಿಡಿ,” ಎಂದು ವೇಡ್ ನಕ್ಕಿದ್ದ. ಡಾರ್ಲಾ ಕೂಡ ನಕ್ಕಿದ್ದಳು. ಈಗ ಆ ನಗು ನೆನೆದರೆ ಅವಳಿಗೆ ಮೈಯೆಲ್ಲ ಉರಿಯುತ್ತಿತ್ತು.

ಸಂಜೆ ಅವನು ಮನೆಗೆ ಬಂದಾಗ ಅವಳು ಅಡುಗೆಮನೆಯ ಬಾಗಿಲಲ್ಲೇ ನಿಂತಿದ್ದಳು.

“ಕೆಲಸ ಜಾಸ್ತಿ ಇತ್ತಾ?”

“ಹೂಂ. ಸುಸ್ತಾಗೋಯ್ತು.”

“ಚೆರಿ ಪೈ ತಿಂದ್ರೂ ಸುಸ್ತಾಗತ್ತೇನೋ?”

ಬೂಟು ಬಿಚ್ಚುತ್ತಿದ್ದವನು ಹಾಗೇ ನಿಂತ. “ನೋಡಿದ್ಯಾ?”

“ಯಾರೋ ಅವಳು?”

“ಸೋಮವಾರ ಕಳೀಲಿ, ಎಲ್ಲಾ ಹೇಳ್ತೀನಿ. ಈಗ ಹೇಳೋ ಹಾಗಿಲ್ಲ ಕಣೇ.”

“ಬಾಯಿಗೆ ಬೀಗ ಹಾಕಿ ಕಳಿಸಿದ್ದಾಳಾ?”

“ಹಾಗೇ ಅಂದ್ಕೋ.”

ಡಾರ್ಲಾ ಅವನ ತಟ್ಟೆಯನ್ನು ಮೇಜಿನ ಮೇಲೆ ಕುಕ್ಕಿದಳು. ಅವನು ಹುಡುಗನಾಗಿದ್ದಾಗಿನಿಂದ ತನ್ನವನು ಎಂದುಕೊಂಡಿದ್ದಳು. ಈಗ ಯಾವಳೋ ಬಂದು ಎಳೆದುಕೊಂಡು ಹೋಗುತ್ತಿದ್ದಾಳೆ ಎಂಬ ಸಂಕಟಕ್ಕೆ ಅವಳಿಗೆ ಊಟವೂ ಸೇರಲಿಲ್ಲ.

ಸೋಮವಾರ ಇಬ್ಬರೂ ಒಂದೇ ಕಾರಿನಲ್ಲಿ ಹೋದರು. ಕೋರ್ಟಿನ ಬಾಗಿಲಲ್ಲೇ ಹಸಿರು ಕೋಟಿನವಳು ಕಾಯುತ್ತಿದ್ದಳು. ವೇಡ್ ಹೆಂಡತಿಯ ಕೈಯನ್ನೊಮ್ಮೆ ಒತ್ತಿ, ಆ ಹೆಂಗಸಿನ ಹಿಂದೆ ಹೋಗಿ, ಆಚೆ ಸಾಲಿನಲ್ಲಿ ಆಕೆಯ ಪಕ್ಕವೇ ಕೂತ. ಡಾರ್ಲಾ ಹ್ಯಾಸ್ಕೆಲ್ ಪಕ್ಕದಲ್ಲಿ ಕೂತಳು. ಕೈಬಿಡುವುದೇ ಆಗಿದ್ದರೆ ಇನ್ನೊಂದು ದಿನ ತಡೆಯಬಾರದಿತ್ತೇ? ಊರವರೆದುರೇ ಆಗಬೇಕಿತ್ತೇ? ಅವಳು ಆ ಕಡೆ ನೋಡಬಾರದೆಂದುಕೊಂಡೇ ಮತ್ತೆ ಮತ್ತೆ ನೋಡಿದಳು.

ನ್ಯಾಯಾಧೀಶರು ತಲೆಯೆತ್ತಿದರು. “ನೊಂದವರು ಬಂದಿದ್ದಾರಾ?”

ಹಸಿರು ಕೋಟಿನವಳು ಎದ್ದಳು. “ಬಂದಿದ್ದಾರೆ ಸ್ವಾಮಿ. ಅವರ ಹೇಳಿಕೆ ತಗೊಂಡಿದ್ದು ನಾನೇ, ಸರ್ಕಾರಿ ವಕೀಲರ ಕಚೇರಿಯಿಂದ. ವಿಚಾರಣೆ ಮುಗಿಯೋವರೆಗೂ ಅರ್ಜಿದಾರರ ಹತ್ರ ಈ ಮಾತೇ ಎತ್ತಬೇಡಿ ಅಂದಿದ್ದೆ. ಒಂದೇ ಮನೇಲಿದ್ರೂ ಎತ್ತಿಲ್ಲ.”

ವೇಡ್ ಎದ್ದು ನಿಂತ. “ಆ ನೊಂದವನು ನಾನೇ ಸ್ವಾಮಿ. ಆಗ ನಾವಿಬ್ರೂ ಒಂದೇ ಹೈಸ್ಕೂಲಲ್ಲಿ ಓದ್ತಾ ಪ್ರೀತಿಸ್ತಿದ್ವಿ, ಇವಳಿಗೆ ವಯಸ್ಸು ತುಂಬಿತ್ತು, ನನಗಿನ್ನೂ ತುಂಬಿರ್ಲಿಲ್ಲ, ದೂರು ಕೊಟ್ಟಿದ್ದು ನಮ್ಮಮ್ಮ; ನನ್ನ ಹೆಂಡತಿ ಹೆಸರನ್ನ ಆ ಪಟ್ಟಿಯಿಂದ ತೆಗೆದುಬಿಡಿ.”