ಮಂದಾಕಿನಿ ಆರಿಸಿದ ಬ್ರೋಕರ್

ಹೈಸ್ಕೂಲಿನಲ್ಲಿ ಗಣಿತ ಕಲಿಸುವ ಮಂದಾಕಿನಿ ತನ್ನ ಉಳಿತಾಯದಲ್ಲಿ ಷೇರು ಕೊಳ್ಳಲು ನಿರ್ಧರಿಸಿದಳು. ಯಾರ ಶುಲ್ಕ ಎಷ್ಟು, ಫೋನ್ ಮಾಡಿದರೆ ಯಾರು ಎತ್ತುತ್ತಾರೆ ಎಂದು ವಾರವಿಡೀ ಐದು ಆನ್‌ಲೈನ್ ಬ್ರೋಕರ್ ಕಂಪನಿಗಳನ್ನು ಹೋಲಿಸಿ ನೋಡಿದಳು.

ಸುದ್ದಿ ಕೇಳಿ ಅಣ್ಣ ಶ್ರೀಕಂಠ ಮನೆಗೇ ಬಂದ. ಒಂಬತ್ತು ವರ್ಷದ ಹಿಂದೆ ಅಪ್ಪ ತೀರಿಕೊಂಡ ಮೇಲೆ ಮನೆಯ ವ್ಯವಹಾರವೆಲ್ಲ ಅವನ ಕೈಯಲ್ಲೇ ಇತ್ತು.

"ಇದೆಲ್ಲ ನಿನಗ್ಯಾಕೆ? ದುಡ್ಡು ನನ್ನ ಕೈಗೆ ಕೊಡು, ನಾನು ಹಾಕ್ತೀನಿ."

"ಬೇಡಣ್ಣ. ನನ್ನ ದುಡ್ಡು ನಾನೇ ನೋಡ್ಕೋತೀನಿ."

"ಎಲ್ಲಾ ಮುಳುಗಿಸಿಬಿಡ್ತೀಯ, ನೋಡ್ತಿರು."

"ಮುಳುಗಿದ್ರೆ ನನ್ನ ಕೈಯಿಂದ್ಲೇ ಮುಳುಗ್ಲಿ. ನಿನ್ನನ್ನ ಕೇಳ್ಕೊಂಡು ಬರಲ್ಲ."

ಅವಳು ಬಗ್ಗುವುದಿಲ್ಲವೆಂದು ಅವನಿಗೆ ಗೊತ್ತಾಯಿತು. ನಕ್ಕಂತೆ ಮಾಡಿ ಕೇಳಿದ: "ಸರಿ, ಕೊನೆಗೆ ಯಾವ ಕಂಪನಿ ಆರಿಸ್ಕೊಂಡೆ?"

"ನೀನು ಷೇರು ವ್ಯವಹಾರ ಮಾಡೋ ಕಂಪನೀನೇ."

ಶ್ರೀಕಂಠನ ನಗು ಅಲ್ಲೇ ನಿಂತಿತು.

"ಖಾತೆ ತೆಗೀತೀನಿ ಅಂದಾಗ, ನನ್ನ ಹೆಸರಲ್ಲಿ ಒಂಬತ್ತು ವರ್ಷದಿಂದ ಒಂದು ಖಾತೆ ಇದೆ, ಅದನ್ನ ನೀನು ನಡೆಸ್ತಿದ್ದೀಯ ಅಂದ್ರು. ಅಪ್ಪ ನನಗೆ ಬಿಟ್ಟುಹೋದ ಷೇರೆಲ್ಲ ಅದರಲ್ಲೇ ಇವೆ, ಅಣ್ಣ. ಇವತ್ತು ಬೆಳಿಗ್ಗೆ ಪಾಸ್‌ವರ್ಡ್ ಬದಲಾಯಿಸ್ದೆ."