ಕೋಣೆಯೊಳಗಿನ ಕೂಲಿಂಗ್ ಗ್ಲಾಸ್

"ಎಲ್ಲಿ ಕೊಡಿ ಅತ್ತಿಗೆ, ಬ್ರಾಂಡೆಡ್ಡು ಅಂತ ಆನ್‌ಲೈನಲ್ಲಿ ತರಿಸಿದ್ರಲ್ಲ, ಅಸಲಿಯೋ ನಕಲಿಯೋ ನೋಡೋಣ" ಎನ್ನುತ್ತಲೇ ನಾದಿನಿ ಕಪ್ಪು ಕನ್ನಡಕವನ್ನು ಅತ್ತಿಗೆಯ ಮುಖದಿಂದ ತೆಗೆದೇಬಿಟ್ಟಳು. ಅತ್ತಿಗೆ ತಲೆ ತಗ್ಗಿಸಿದಳು. ಹಜಾರದಲ್ಲಿ ಗಂಡನ ಹೆಣವಿತ್ತು. ಬೆಳಗಿನಿಂದ ಅವಳಿಗೆ ಒಂದು ಹನಿ ಕಣ್ಣೀರೂ ಬಂದಿರಲಿಲ್ಲ. ಅದು ಯಾರಿಗೂ ಕಾಣದಿರಲೆಂದೇ ಕೋಣೆಯೊಳಗೂ ಕನ್ನಡಕ ಹಾಕಿ ಕೂತಿದ್ದಳು.

ಅಣ್ಣನಿಗಾಗಿ ಅತ್ತು ಸುಸ್ತಾಗಿದ್ದ ನಾದಿನಿಯ ಕೈಗೊಂದು ಕೆಲಸ ಬೇಕಿತ್ತು. ಕಡ್ಡಿ ಮಡಚಿ ಬಿಚ್ಚಿದಳು, ಒಳಗೆ ಕೆತ್ತಿದ್ದ ನಂಬರನ್ನು ಉಗುರಿನಿಂದ ಕೆರೆದಳು. "ಎಲ್ಲರೂ 'ನೂರಕ್ಕೆ ನೂರು ಒರಿಜಿನಲ್ ಮೇಡಂ' ಅಂತಾರೆ" ಎಂದು ಮಾರುವವರ ರಾಗ ಎಳೆದಳು. "ಅಸಲಿಯಾದ್ರೆ, ಮೊಬೈಲ್ ಮುಂದೆ ಹಿಡಿದು ತಿರುಗಿಸಿದಾಗ ಗಾಜಿನೊಳಗಿಂದ ಸ್ಕ್ರೀನು ಪೂರ್ತಿ ಕಪ್ಪಾಗ್ಬೇಕು." ಕಪ್ಪಾಯಿತು. ತೋರಿಸಲೆಂದು ಅತ್ತಿಗೆಯ ಗಲ್ಲ ಹಿಡಿದೆತ್ತಿದವಳು ಆ ಒಣ ಕಣ್ಣುಗಳನ್ನು ನೋಡುತ್ತ ನಿಂತಳು.

ಬಾಗಿಲಿಗೆ ಅತ್ತೆ ಬಂದರು. "ಹೊರಗೆ ಕರ್ಕೊಂಡು ಬಾರೇ. ಆ ಕೂಲಿಂಗ್ ಗ್ಲಾಸ್ ಇಲ್ಲೇ ಇರ್ಲಿ, ಜನ ಆಡ್ಕೋತಿದಾರೆ."

ನಾದಿನಿ ಕನ್ನಡಕವನ್ನು ಅತ್ತಿಗೆಯ ಮೂಗಿನ ಮೇಲೆ ಮೆಲ್ಲಗೆ ಕೂರಿಸಿ, ಕಿವಿಯ ಹಿಂದಿನ ಕೂದಲು ಸರಿಮಾಡಿದಳು.

"ಅತ್ತೂ ಅತ್ತೂ ಕಣ್ಣು ಊದ್ಕೊಂಡಿದೆ ಅಮ್ಮ" ಎಂದಳು. "ಬೆಳಕು ತಡ್ಕೊಳಲ್ಲ. ಹಾಕ್ಕೊಂಡೇ ಬರ್ತಾರೆ ಬಿಡು."