ಒಂದು ವರ್ಷದ ವಾಯಿದೆ

"ಬ್ಯಾಂಕ್‌ನವ್ನು ಬಂದ ಕಣಣ್ಣ. ಹೆಲ್ಮೆಟ್ ಹಾಕವ್ನೆ, ಹೆಗಲಲ್ಲಿ ಬ್ಯಾಗು. ನಿಮ್ಮನೆ ಯಾವ್ದು ಅಂತ ಕೇಳ್ದ. ಸುತ್ತುದಾರಿ ತೋರ್ಸಿವ್ನಿ, ಬೇಗ ಎಲ್ಲಾ ಎತ್ತಿಡು."

ಹಂಗಳದ ಬಸ್ ನಿಲ್ಲುವಲ್ಲಿ ಟೀ ಅಂಗಡಿ ಇಟ್ಟಿರುವ ಶಿವಮಲ್ಲು ಫೋನ್ ಇಟ್ಟ. ಸಿದ್ದಮಲ್ಲಪ್ಪ ಟಿವಿಯನ್ನು ಗೋಡೆಯಿಂದ ಇಳಿಸಿ ಪಕ್ಕದ ಮನೆಗೆ ಸಾಗಿಸಿದರು. ಫ್ರಿಜ್ಜಿನ ಮೇಲೆ ಹಳೇ ಕಂಬಳಿ ಬಿತ್ತು. ಅವರ ಹೆಂಡತಿ ಗುರುಮಲ್ಲಮ್ಮ ಚಿನ್ನದ ಬಳೆ ಬಿಚ್ಚಿಟ್ಟು, ತೋಟಕ್ಕೆ ಉಡುವ ಸೀರೆ ಉಟ್ಟು ಬಂದರು.

ಇದೆಲ್ಲ ಮಗಳಿಗಾಗಿ. ಮಧುಶ್ರೀ ದೆಹಲಿಯಲ್ಲಿ ಅಂತಾರಾಷ್ಟ್ರೀಯ ಅಧ್ಯಯನದಲ್ಲಿ ಎಂ.ಎ. ಮುಗಿಸಿದವಳು. ಒಂಬತ್ತು ಲಕ್ಷ ಸಾಲ ಮಾಡಿ ದೇಶದೇಶಗಳ ವ್ಯವಹಾರ ಕಲಿತವಳಿಗೆ ಕೊನೆಗೆ ಸಿಕ್ಕ ವಿದೇಶವೆಂದರೆ ಕೇರಳ. ಗುಂಡ್ಲುಪೇಟೆಯ ಹೂವಿನ ಮಂಡಿಯಲ್ಲಿ ಕೂತು ಗಡಿಯಾಚೆಯ ವ್ಯಾಪಾರಿಗಳ ಜೊತೆ ಫೋನಿನಲ್ಲಿ ಚೆಂಡುಹೂವಿನ ರೇಟು ಮಾತಾಡುತ್ತಿದ್ದಳು. ಸಂಬಳ ಹನ್ನೆರಡು ಸಾವಿರ. ಬ್ಯಾಂಕಿನ ಕಂತು ಅದಕ್ಕಿಂತ ಹೆಚ್ಚು.

ಈಗ ದೆಹಲಿಯ ಸಂಸ್ಥೆಯೊಂದು ತರಬೇತಿಗೆ ಕರೆದಿತ್ತು. ಒಂದು ವರ್ಷ ಊಟಕ್ಕೂ ಬಾಡಿಗೆಗೂ ಸಾಲುವಷ್ಟು ಕೊಟ್ಟು, ಆಮೇಲೆ ಓದಿಗೆ ತಕ್ಕ ಕೆಲಸ ಕೊಡುವುದಾಗಿ ಹೇಳಿತ್ತು. ಬ್ಯಾಂಕು ಕಂತನ್ನು ಒಂದು ವರ್ಷ ಮುಂದೂಡಿದರೆ ಹೋಗಬಹುದು. ಇಲ್ಲದಿದ್ದರೆ ಚೆಂಡುಹೂವೇ ಗತಿ. ಅರ್ಜಿ ಕೊಟ್ಟಾಗ, ಮನೆಯ ಸ್ಥಿತಿ ನೋಡಲು ಯಾರನ್ನಾದರೂ ಕಳಿಸುತ್ತೇವೆ ಎಂದಿದ್ದರು.

ಹಾಳಾದ್ದು, ಅದೇ ವಾರ ಮದುವೆ ದಲ್ಲಾಳಿ ಚಿಕ್ಕಯ್ಯ ಒಂದು ಸಂಬಂಧ ತಂದ. ಚಂದಕವಾಡಿ ಕಡೆಯ ಹುಡುಗ, ಕಾಲೇಜಿನಲ್ಲಿ ಮೇಷ್ಟ್ರು. ಹೆಣ್ಣು ನೋಡುವ ಮೊದಲು ಅವರ ಕಡೆಯವರೊಬ್ಬರು ಸದ್ದಿಲ್ಲದೆ ಬಂದು ವಿಚಾರಿಸಿಕೊಂಡು ಹೋಗುತ್ತಾರೆ ಎಂದ. ಹಾಗೆ ಬಂದವರು ತಾವು ಯಾರೆಂದು ಹೇಳುವುದಿಲ್ಲ, ಮನೆಯವರೂ ಕೇಳುವುದಿಲ್ಲ. ಅದು ಈ ಸೀಮೆಯ ಮರ್ಯಾದೆ.

"ಇಬ್ರಿಗೂ ಒಂದೇ ಮಾತು ಹೇಳ್ಬುಡನ ಕಣಪ್ಪ" ಎಂದಿದ್ದಳು ಮಧುಶ್ರೀ.

"ಸಾಲ ಅದೆ ಅಂದ್ರೆ ಗಂಡಿನೋರು ತಿರುಗಿ ನೋಡ್ತಾರಾ? ನೀನು ಸುಮ್ನಿರು ಕಣಮ್ಮಿ. ಒಂದೊಂದು ದೇಶಕ್ಕೆ ಒಂದೊಂದು ಮಾತಾಡದೇ ಅಲ್ವಾ ನಿನ್ನ ಓದು?"



ಹೆಲ್ಮೆಟ್ಟಿನವರು ಬಾಗಿಲಿಗೆ ಬಂದರು. ಐವತ್ತು ದಾಟಿದ, ಮಿತವಾಗಿ ಮಾತಾಡುವ ಮನುಷ್ಯ. "ನಿಮ್ಮ ಮಗಳ ವಿಚಾರವಾಗಿ..." ಎನ್ನುವಷ್ಟರಲ್ಲೇ ಸಿದ್ದಮಲ್ಲಪ್ಪ ಕೈಮುಗಿದರು.

"ಗೊತ್ತು ಬನ್ನಿ ಸಾರ್. ನಿಮ್ ಮುಂದೆ ಮುಚ್ಚಿಡಕಾಯ್ತದಾ?"

ಸಾಲ ಹೇಳಿದರು, ಸಂಬಳ ಹೇಳಿದರು, ಸೋರುವ ಹೆಂಚು ತೋರಿಸಿದರು. ಇಷ್ಟು ನಿಜವನ್ನು ಅವರು ಜೀವಮಾನದಲ್ಲಿ ಒಟ್ಟಿಗೆ ಆಡಿದ್ದಿಲ್ಲ. ಗುರುಮಲ್ಲಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡರು. ಸುಮ್ಮನೆ ಒರೆಸಲು ಹೋದವರಿಗೆ ನಿಜವಾಗಿಯೂ ಅಳು ಬಂತು.

"ನೀವು ಒಂದ್ ವರ್ಷ ಕಾದ್ರೆ ಅವಳ ಜೀವ್ನ ನೆಟ್ಟಗಾಯ್ತದೆ ಸಾರ್."

"ನಾನೊಬ್ಬನೇ ಹೇಳೋದಲ್ಲ. ಎಲ್ಲರನ್ನೂ ಕೇಳಿ ಹೇಳ್ತೀನಿ."

ಅವರು ಕಾಫಿ ಬೇಡವೆಂದರು, ಮಜ್ಜಿಗೆ ಬೇಡವೆಂದರು, ನೀರನ್ನೂ ಮುಟ್ಟಲಿಲ್ಲ. ಎಂಥ ಪ್ರಾಮಾಣಿಕ ಅಧಿಕಾರಿ ಎಂದು ಸಿದ್ದಮಲ್ಲಪ್ಪನವರಿಗೆ ಗೌರವ ಹುಟ್ಟಿತು. ಹೊರಡುವಾಗ ಗುರುಮಲ್ಲಮ್ಮನ ತವರು ಯಾವುದೆಂದು ವಿಚಾರಿಸಿದರು. ಉಮ್ಮತ್ತೂರು ಎಂದು ಹೇಳಿದ್ದಾಯಿತು. ಈಗಿನ ಬ್ಯಾಂಕುಗಳು ಏನನ್ನೂ ಬಿಡುವುದಿಲ್ಲ.

ಸಂಜೆಗೆ ಟಿವಿ ಗೋಡೆ ಹತ್ತಿತು. ಬಳೆಗಳು ಕೈಗೆ ಬಂದವು. ಜೊತೆಗೆ ಪಕ್ಕದ ಮನೆಯ ಸೋಫಾ ಕೂಡ ಬಂತು.

ಗುರುವಾರ ಕಾರೊಂದು ನಿಂತಿತು. ಬಿಳಿ ಪಂಚೆ, ಹಣೆ ತುಂಬ ವಿಭೂತಿ. ಶಿವಮಲ್ಲು ಈ ಸಲ ನೇರ ದಾರಿಯನ್ನೇ ತೋರಿಸಿದ್ದ.

"ಮಧುಶ್ರೀ ಅವರ ವಿಚಾರ..."

"ಗೊತ್ತು ಬನ್ನಿ ಯಜಮಾನ್ರೆ. ಸೋಫಾದ ಮೇಲೆ ಕೂತ್ಕಳಿ."

ಮಗಳ ಸಂಬಳ ಎಪ್ಪತ್ತು ಸಾವಿರಕ್ಕೆ ಏರಿತು. ಎರಡೆಕರೆ ತೋಟ ಆರೆಕರೆಯಾಯಿತು. ಬಂದವರು ಒಂದೊಂದಕ್ಕೂ ತಲೆಯಾಡಿಸಿ, "ಬೇರೆ ಸಾಲ ಏನಾದರೂ?" ಎಂದರು.

"ಒಂದ್ ಪೈಸಾ ಇಲ್ಲ."

"ಕಷ್ಟ ಇದ್ದರೆ ಹೇಳಿಬಿಡಿ, ಸಂಕೋಚ ಬೇಡ."

"ನಮಗ್ಯಾತರ ಕಷ್ಟ ಯಜಮಾನ್ರೆ?" ಸಿದ್ದಮಲ್ಲಪ್ಪ ನಕ್ಕುಬಿಟ್ಟರು.

ಮಧುಶ್ರೀ ತುಪ್ಪ ಸುರಿದ ಕೇಸರಿಬಾತ್ ತಂದಿಟ್ಟಳು. ಅವರು ತಟ್ಟೆ ಖಾಲಿ ಮಾಡಿ ಮತ್ತೊಮ್ಮೆ ಹಾಕಿಸಿಕೊಂಡರು. "ದೆಹಲಿಗೆ ಹೋಗೋದು ಖಂಡಿತಾನಾಮ್ಮ?" ಎಂದು ಕೇಳಿದರು. ಅವಳು ಹೂಂ ಎಂದಳು. ಚಿಕ್ಕಯ್ಯ ಎಲ್ಲವನ್ನೂ ಹೇಳಿಯೇ ಕಳಿಸಿದ್ದಾನೆ ಎಂದುಕೊಂಡರು ಗುರುಮಲ್ಲಮ್ಮ. ಬಂದವರು ಮನೆಯ ಫೋಟೋ ತೆಗೆದುಕೊಂಡರು. ಹುಡುಗನಿಗೆ ತೋರಿಸಬೇಡವೇ?

"ನನ್ನ ಕೆಲಸ ಹಗುರ ಮಾಡಿದಿರಿ" ಎಂದು ಹೇಳಿ ಕಾರು ಹತ್ತಿದರು.

ಶನಿವಾರ ಚಿಕ್ಕಯ್ಯ ನಗುತ್ತಲೇ ಒಳಗೆ ಬಂದ. "ಒಪ್ಕಂಡ್ರು ಕಣಣ್ಣ."

"ನಾನ್ ಹೇಳ್ಲಿಲ್ವಾ? ಸೋಫಾ ನೋಡ್ದಾಗ್ಲೇ ಅವ್ರ ಮಕ ಅರಳ್ತು" ಎಂದರು ಗುರುಮಲ್ಲಮ್ಮ. ಸಿದ್ದಮಲ್ಲಪ್ಪನವರಿಗೆ ಎದೆಯ ಮೇಲಿನ ಭಾರ ಇಳಿದಂತಾಯಿತು. ಇನ್ನು ಬ್ಯಾಂಕು ಒಂದು ಹೂಂ ಎಂದರೆ ಮಗಳ ದಾರಿ ಸುಗಮ.

"ಯಾವ ಸೋಫಾ ಕಣಕ್ಕ?" ಚಿಕ್ಕಯ್ಯ ಗೋಡೆಗೊರಗಿ ಕೂತ. "ಹುಡುಗನ ದೊಡ್ಡಪ್ಪ ಅದೇನೂ ಹೇಳ್ನಿಲ್ಲ. ಸಾಲ, ಸಂಬಳ, ಸೋರೋ ಹೆಂಚು, ಒಂದೂ ಮುಚ್ಚಿಡ್ದೆ ಹೇಳ್ಬುಟ್ರು, ಇಂಥ ಮನೆ ನಾನ್ ನೋಡೇ ಇಲ್ಲ ಅಂದ್ರು. ಒಂದ್ ವರ್ಷ ಏನು, ಎರಡು ವರ್ಷ ಆದ್ರೂ ನಮ್ ಹುಡುಗ ಕಾಯ್ತಾನೆ ಅಂದ್ರು. ಮಾತು ಮುಗಿಯೋಗಂಟ ಹೆಣ್ಣಿನ ಮನೇಲಿ ನೀರೂ ಮುಟ್ಟದ ವಂಶ ಕಣ ಅದು. ಮುಂದಿನ ಸಲ ಬಂದು ಊಟ ಮಾಡ್ತಾರಂತೆ."

ಗುರುಮಲ್ಲಮ್ಮನ ಕೈಯ ಬಳೆ ಸದ್ದು ನಿಂತಿತು. ಸಿದ್ದಮಲ್ಲಪ್ಪ ಗೋಡೆಯ ಟಿವಿಯನ್ನು ನೋಡುತ್ತ ನಿಂತುಬಿಟ್ಟರು.

ಅಡುಗೆಮನೆ ಬಾಗಿಲಲ್ಲಿ ನಿಂತಿದ್ದ ಮಧುಶ್ರೀ ಮೆಲ್ಲಗೆ ಕೇಳಿದಳು: "ಹಂಗಾರೆ ಅಪ್ಪ, ಎರಡು ಸಲ ಕೇಸರಿಬಾತ್ ಹಾಕಿಸ್ಕಂಡು ತಿಂದೋರು ಯಾರು?"